‘ಯಾವಾಗ ಹೋಗುವುದು?’ ಎಂದು ಕೇಳುವ ಮೊದಲು

ಗಲ್ಫಿನಿಂದ ಊರಿಗೆ ಬಂದವರಿಗೆ ಮಸೀದಿಯ ಅಂಗಳದಲ್ಲಿ ನಾವು ಕೇಳುವ ಪ್ರಶ್ನೆಗಳು ಮೂರೇ. ಯಾವಾಗ ಬಂದದ್ದು? ಎಷ್ಟು ದಿನ ರಜೆ? ಯಾವಾಗ ಹೋಗುವುದು? ಸಲಾಮ್ ಹೇಳಿ ಕೈ ಬಿಡುವಷ್ಟರಲ್ಲಿ ಈ ಮೂರೂ ಬಾಯಿಯಿಂದ ಬಂದುಬಿಡುತ್ತವೆ. ರಜೆಯಲ್ಲಿ ಬಂದವನಿಗೆ ಇದು ಪ್ರೀತಿಯ ಮಾತು. ಆದರೆ ವೀಸಾ ಕ್ಯಾನ್ಸಲ್ ಆಗಿ, ಎಕ್ಸಿಟ್ ಹೊಡೆಸಿಕೊಂಡು ಬಂದವನಿಗೆ ಮೂರನೆಯ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. “ನೋಡ್ಬೇಕು ಉಸ್ತಾದರೇ” ಎಂದು ನಗುತ್ತಾನೆ. ಎರಡು ತಿಂಗಳು ಕಳೆದ ಮೇಲೂ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೇ ತಿಂಗಳಿಗೆ ಆತ ನಮ್ಮ ಮಸೀದಿಯ ಜುಮಾಕ್ಕೆ ಕಾಣುವುದಿಲ್ಲ. ಬೈಕ್ ಹತ್ತಿ ಪೇಟೆಯ ಮಸೀದಿಗೆ ಹೋಗಿ ನಮಾಝ್ ಮಾಡಿ ಬರುತ್ತಾನೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಮದ್ರಸದಲ್ಲಿ ಪಾಠ ಹೇಳುವ ನಮಗೆ ಇದು ಬೇರೆ ದಾರಿಯಿಂದಲೂ ಗೊತ್ತಾಗುತ್ತದೆ. ಮಗುವಿನ ತಿಂಗಳ ಫೀಸು ತಡವಾಗುತ್ತದೆ. ಹೊಸ ಕಿತಾಬ್ ಬೇಕಾದಲ್ಲಿ ಅಣ್ಣನ ಹಳೆಯ ಕಿತಾಬೇ ಬರುತ್ತದೆ. “ಬಾಪ ಮನೆಯಲ್ಲೇ ಇದ್ದಾರೆ” ಎಂದು ಮಗು ತಗ್ಗಿದ ದನಿಯಲ್ಲಿ ಹೇಳುತ್ತದೆ. ಅಪ್ಪ ಮನೆಯಲ್ಲಿ ಇರುವುದನ್ನು ಒಂದು ಮಗು ಗುಟ್ಟಿನಂತೆ ಹೇಳಬೇಕಾಗಿ ಬಂದದ್ದು ಹೇಗೆ ಎಂದು ನಾವು ಯೋಚಿಸಬೇಕಾಗಿದೆ.

ಬಂದವರು ಯಾಕೆ ಬಂದರು ಎಂಬುದು ಮೊದಲು ಸ್ಪಷ್ಟವಾಗಲಿ. “ಅವನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ” ಎಂಬ ಮಾತು ಊರಲ್ಲಿ ಬಹಳ ಸಲೀಸಾಗಿ ಓಡುತ್ತದೆ. ಸೌದಿಯಲ್ಲಿ ನಿತಾಕತ್ ಶುರುವಾದದ್ದು 2011ರಲ್ಲಿ. ಒಂದು ಕಂಪೆನಿಯಲ್ಲಿ ಸ್ವದೇಶಿಯರು ಇಷ್ಟು ಮಂದಿ ಇರಲೇಬೇಕೆಂಬ ಆ ನಿಯಮದಿಂದ ಸಣ್ಣ ಕಫೀಲರ ಕೈಕೆಳಗಿದ್ದವರ ಇಖಾಮಾ ನವೀಕರಣವೇ ಕಷ್ಟವಾಯಿತು. 2016ರಲ್ಲಿ ಮೊಬೈಲ್ ಮಾರುವ, ರಿಪೇರಿ ಮಾಡುವ ಅಂಗಡಿಗಳ ಕೆಲಸ ಪೂರ್ತಿಯಾಗಿ ಸೌದಿಯವರಿಗೇ ಎಂದಾಯಿತು. ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಆ ಅಂಗಡಿಗಳಲ್ಲಿ ಇದ್ದರು ಎಂದು ಉಳ್ಳಾಲದಿಂದ ಸುರತ್ಕಲ್‌ವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. 2018ರಲ್ಲಿ ಬಟ್ಟೆ, ಪೀಠೋಪಕರಣ, ಪಾತ್ರೆ ಸಾಮಾನಿನ ಅಂಗಡಿಗಳಿಗೂ ಅದೇ ಬಗೆಯ ನಿಯಮ ಬಂತು. ನಡುವೆ 2017ರ ಜುಲೈಯಿಂದ ಕುಟುಂಬದ ಮೇಲೆ ಲೆವಿ. ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳನ್ನು ಇಟ್ಟುಕೊಂಡವನು ತಿಂಗಳಿಗೆ 1,600 ರಿಯಾಲು ಬರೀ ಅದಕ್ಕೇ ಕಟ್ಟಬೇಕು. ಹಾಗಾಗಿ ಮೊದಲು ಕುಟುಂಬಗಳು ಬಂದವು, ಹಿಂದೆ ಗಂಡಸರೂ ಬಂದರು. ಮತ್ತೆ ಕೊರೋನ. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಇಳಿದದ್ದು 2020ರ ಮೇ 12ರಂದು. ಆ ದಿನಗಳಲ್ಲಿ ಬಂದವರಲ್ಲಿ ಮರಳಿ ಹೋಗದೆ ಉಳಿದವರನ್ನು ನಮ್ಮ ನಮ್ಮ ಮೊಹಲ್ಲಾದಲ್ಲೇ ಲೆಕ್ಕ ಹಾಕಬಹುದು.

ಇದರಲ್ಲಿ ಯಾವುದು ಅವನ ಕೈಲಾಗದಿಕೆ? ಯಾವುದೂ ಅಲ್ಲ. ಆದರೂ ಆತ ಸೋತವನಂತೆ ನಡೆಯುತ್ತಾನೆ, ನಾವೂ ಹಾಗೆಯೇ ನೋಡುತ್ತೇವೆ.

ನಮ್ಮ ಹಿರಿಯರ ಕಥೆ ನೋಡಿದರೆ ಬ್ಯಾರಿಗಳ ಬದುಕಿನ ದಾರಿ ಯಾವತ್ತೂ ಒಂದೇ ಆಗಿರಲಿಲ್ಲ. ವ್ಯಾಪಾರ ಎಂಬ ಮಾತಿನಿಂದಲೇ ನಮ್ಮ ಹೆಸರು ಬಂತೆಂದು ಹೇಳುವವರಿದ್ದಾರೆ. ಹಡಗಿನ ವ್ಯಾಪಾರ ಹೋದಾಗ ತಲೆಹೊರೆಯ ವ್ಯಾಪಾರ ಮಾಡಿದರು. ಮೀನು ಮಾರಿದರು, ಗುಜರಿ ಹೆಕ್ಕಿದರು, ಗೇಣಿಗೆ ಗದ್ದೆ ಮಾಡಿದರು, ಹೋಟೆಲು ಕೆಲಸಕ್ಕೆಂದು ಬೊಂಬಾಯಿಗೆ ಬಸ್ಸು ಹತ್ತಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ತಾನೇ ಗಲ್ಫ್ ಎಂಬುದು ನಮ್ಮ ಮನೆ ಮಾತಾದದ್ದು. ಅಂದರೆ ಹೆಚ್ಚೆಂದರೆ ಎರಡು ತಲೆಮಾರು. ಆ ಎರಡು ತಲೆಮಾರಿನಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಪಿಯುಸಿ ಮುಗಿಸಿದ ಹುಡುಗನ ಭವಿಷ್ಯ ಎಂದರೆ ಪಾಸ್‌ಪೋರ್ಟ್ ಎಂದಾಯಿತು. ತಂಗಿಯ ಮದುವೆ, ಕೆಂಪುಕಲ್ಲಿನ ಮನೆ, ಕೊನೆಗೆ ಪೇಟೆಯಲ್ಲೊಂದು ಅಂಗಡಿ. ಈ ಮೂರನ್ನು ಮುಗಿಸಿ ಐವತ್ತರ ನಂತರ ಊರಿಗೆ ಬರುವುದೆಂದು ಎಲ್ಲರೂ ಹಾಕಿಕೊಂಡ ಲೆಕ್ಕ. ಆ ಲೆಕ್ಕ ಮೂವತ್ತೆಂಟಕ್ಕೋ ನಲ್ವತ್ತೆರಡಕ್ಕೋ ಮುರಿದಾಗ ಮನೆಯ ಸ್ಲ್ಯಾಬ್ ಮಾತ್ರ ಆಗಿರುತ್ತದೆ. ಕಬ್ಬಿಣದ ಸರಳುಗಳು ಆಕಾಶ ನೋಡುತ್ತಾ ತುಕ್ಕು ಹಿಡಿಯುತ್ತಿರುತ್ತವೆ.

ಹೀಗೆ ಬಂದವರಲ್ಲಿ ಹೆಚ್ಚಿನವರು ಮೊದಲ ಆರು ತಿಂಗಳಲ್ಲಿ ಎರಡರಲ್ಲಿ ಒಂದನ್ನು ಮಾಡುವುದನ್ನು ನಾವು ನೋಡಿದ್ದೇವೆ. ಒಂದು, ಕೈಗೆ ಬಂದ ಹಣವನ್ನೆಲ್ಲ ಯಾರದೋ ಮಾತಿಗೆ ಪಾಲುದಾರಿಕೆಯ ಹೋಟೆಲಿಗೋ ಬಟ್ಟೆ ಅಂಗಡಿಗೋ ಹಾಕುವುದು. ಇನ್ನೊಂದು, ಹೊಸ ವೀಸಾಕ್ಕೆ ಕಾಯುತ್ತಾ ಮಲಗುವುದು. ಅಂಗಡಿಗೆ ಹಾಕಿದವನ ಕಥೆ ಹೆಚ್ಚು ಬೇಗ ಮುಗಿಯುತ್ತದೆ. ಹದಿನೈದು ವರ್ಷ ಜಿದ್ದಾದ ಬೂಫಿಯದಲ್ಲಿ ಶವರ್ಮಾ ಮಾಡಿದವನಿಗೆ ಶವರ್ಮಾ ಗೊತ್ತು. ಬಾಡಿಗೆಯ ಅಡ್ವಾನ್ಸ್, ಲೈಸೆನ್ಸ್, ಜಿಎಸ್‌ಟಿ, ಉದ್ರಿ ಗಿರಾಕಿ ಗೊತ್ತಿಲ್ಲ. ಅದು ಅವನ ತಪ್ಪಲ್ಲ, ಆದರೆ ಅದನ್ನು ಕಲಿಯುವುದಕ್ಕೆ ಜೀವಮಾನದ ಉಳಿತಾಯವನ್ನು ಫೀಸಾಗಿ ಕಟ್ಟಬಾರದು. ಆರು ತಿಂಗಳು ಬೇರೆಯವರ ಅಂಗಡಿಯ ಗಲ್ಲದಲ್ಲಿ ಕೂತರೆ ಅದೇ ಪಾಠ ಸಂಬಳದ ಜೊತೆಗೆ ಸಿಗುತ್ತದೆ. ಮರ್ಯಾದೆ ಅಡ್ಡ ಬರುತ್ತದೆ, ಅದು ಬೇರೆ ಮಾತು.

ಲೆಕ್ಕದ ಮಾತು ಬಂದದ್ದರಿಂದ ಎರಡು ವಿಷಯ ಹೇಳಿಬಿಡುತ್ತೇವೆ. ಬರುವ ಮೊದಲು ಸಿಗಬೇಕಾದ ಸರ್ವಿಸ್ ಹಣ ಎಷ್ಟೆಂದು ನಮ್ಮ ಬಹಳ ಮಂದಿಗೆ ತಿಳಿದೇ ಇರುವುದಿಲ್ಲ. ಸೌದಿಯ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ವೇತನ, ನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ವೇತನ. ತಾನಾಗಿ ರಾಜೀನಾಮೆ ಕೊಟ್ಟರೂ ಹತ್ತು ವರ್ಷ ದಾಟಿದವನಿಗೆ ಪೂರ್ತಿ ಸಿಗಬೇಕು. ಐದರಿಂದ ಹತ್ತರ ಒಳಗಿದ್ದರೆ ಮೂರರಲ್ಲಿ ಎರಡು ಪಾಲು. ಯುಎಇಯಲ್ಲಾದರೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ನಂತರ 30 ದಿನದ್ದು. ಅರಬಿಯಲ್ಲಿ ಬರೆದ ಕಾಗದಕ್ಕೆ ‘ಎಲ್ಲ ಸಿಕ್ಕಿದೆ’ ಎಂದು ಸಹಿ ಹಾಕುವ ಮೊದಲು ಓದಲು ಬರುವ ಒಬ್ಬರಿಗೆ ತೋರಿಸಿ. ಎರಡನೆಯದು, ಊರಲ್ಲೇ ನಿಲ್ಲುವುದೆಂದು ಆದ ಮೇಲೆ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ಬಿಡುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಸ್ಥಳೀಯ ಖಾತೆಯಾಗಿ ಬದಲಿಸಬೇಕು. ಹಾಗೆ ಬದಲಿಸಿದರೆ “ಇನ್ನು ನಾನು ಗಲ್ಫಿನವನಲ್ಲ” ಎಂದು ಒಪ್ಪಿಕೊಂಡ ಹಾಗಾಗುತ್ತದೆಂದು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಪಾಲುದಾರಿಕೆಗೆ ಹಣ ಹಾಕುವುದೇ ಆದರೆ ಬರೆದು, ಸಾಕ್ಷಿ ಹಾಕಿಸಿ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ವಿಷಯದ್ದು. ನಮ್ಮಲ್ಲಿ ಅದನ್ನು ಓದುವವರು ಬಹಳ, ಬರೆದಿಡುವವರು ಕಡಿಮೆ. ಭಾವನ ಹತ್ತಿರ ಕಾಗದ ಕೇಳುವುದು ಹೇಗೆ ಎಂದು ಸಂಕೋಚ.

ಇನ್ನು ನಮಗೆ ಮುಖ್ಯವೆಂದು ಕಂಡ ಮಾತಿಗೆ ಬರುತ್ತೇವೆ. ಹಿಜರಿ 6ರಲ್ಲಿ ಪ್ರವಾದಿ (ಸ) ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾಕ್ಕೆಂದು ಹೊರಟದ್ದು ನಮ್ಮ ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಇಹ್ರಾಮ್ ಧರಿಸಿ, ಬಲಿಯ ಪ್ರಾಣಿಗಳನ್ನು ಜೊತೆಗೆ ಕರೆದುಕೊಂಡು ಹುದೈಬಿಯದವರೆಗೆ ಬಂದಿದ್ದಾರೆ. ಮಕ್ಕಾ ಇನ್ನೇನು ಕೈಗೆಟುಕುವಷ್ಟು ಹತ್ತಿರ. ಅಲ್ಲಿ ತಡೆದರು. ಒಪ್ಪಂದವಾಯಿತು, ಈ ವರ್ಷ ಹಿಂದೆ ಹೋಗಬೇಕು, ಬರುವ ವರ್ಷ ಬರಬಹುದು. ಸಹಾಬಿಗಳಿಗೆ ಎಷ್ಟು ನೋವಾಯಿತೆಂದರೆ, ಇಲ್ಲೇ ಬಲಿ ಕೊಟ್ಟು ತಲೆ ಬೋಳಿಸಿ ಎಂದು ಪ್ರವಾದಿಯವರು ಹೇಳಿದಾಗಲೂ ಯಾರೂ ಎದ್ದೇಳಲಿಲ್ಲ. ಪ್ರವಾದಿಯವರು ಡೇರೆಯೊಳಗೆ ಹೋಗಿ ಪತ್ನಿ ಉಮ್ಮು ಸಲಮಾ (ರ) ಅವರಲ್ಲಿ ಈ ಸಂಕಟವನ್ನು ಹೇಳಿದರು. ಆಕೆ ಕೊಟ್ಟ ಸಲಹೆ ಬಹಳ ಸರಳ. ಯಾರಲ್ಲೂ ಏನೂ ಮಾತಾಡದೆ ತಾವೇ ಹೊರಗೆ ಹೋಗಿ ತಮ್ಮ ಒಂಟೆಯನ್ನು ಬಲಿ ಕೊಟ್ಟು, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿಯವರು ಹಾಗೆಯೇ ಮಾಡಿದರು. ಅದನ್ನು ನೋಡಿ ಎಲ್ಲರೂ ಎದ್ದರು. ಹಿಂದೆ ಬಂದ ಆ ಪ್ರಯಾಣವಾಗಿ ಎರಡು ವರ್ಷದೊಳಗೆ ಮಕ್ಕಾದ ಬಾಗಿಲು ತೆರೆಯಿತು.

ಈ ಘಟನೆಯನ್ನು ಹೇಳುವಾಗ ಸಬ್ರ್ ಬಗ್ಗೆ ಹೇಳಿ ನಾವು ನಿಲ್ಲಿಸಿಬಿಡುತ್ತೇವೆ. ಡೇರೆಯೊಳಗೆ ನಡೆದ ಮಾತುಕತೆಯನ್ನು ದಾಟಿಹೋಗುತ್ತೇವೆ. ಹಾಕಿಕೊಂಡ ದಾರಿ ಮುಚ್ಚಿದಾಗ ಮುಂದೇನು ಎಂದು ಮಾತಾಡಿದ್ದು ಮನೆಯವರ ಹತ್ತಿರ. ನಮ್ಮ ಮನೆಗಳಲ್ಲಿ ಆಗುವುದೇನು? ಕೆಲಸ ಹೋದ ಸುದ್ದಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಗೊತ್ತಿರುತ್ತದೆ, ಹೆಂಡತಿಗೆ ಗೊತ್ತಿರುವುದಿಲ್ಲ. “ಅವಳಿಗೆ ಯಾಕೆ ಟೆನ್ಶನ್ ಕೊಡುವುದು” ಎನ್ನುತ್ತಾರೆ. ಆದರೆ ಇಷ್ಟು ವರ್ಷ ಈ ಮನೆಯನ್ನು ನಡೆಸಿದ್ದು ಯಾರು? ಕಲ್ಲಿನ ಲೋಡು ಬಂದಾಗ ಎಣಿಸಿ ಇಳಿಸಿಕೊಂಡವಳು ಅವಳು. ಮೇಸ್ತ್ರಿಯ ಹತ್ತಿರ ಜಗಳ ಮಾಡಿದವಳು, ಮಾವನನ್ನು ಆಸ್ಪತ್ರೆಗೆ ಸೇರಿಸಿದವಳು, ಹಣ ಬಾರದ ತಿಂಗಳಲ್ಲಿ ಅತ್ತೆಯ ಹಳೆಯ ತಡ್ಪೆ ತೆಗೆದು ಬೀಡಿ ಕಟ್ಟಿದವಳು ಅವಳೇ. ಇವನು ವರ್ಷಕ್ಕೆ ಒಂದೋ ಎರಡೋ ತಿಂಗಳ ಅತಿಥಿ. ಮನೆಯ ಹಾಲಿನ ಲೆಕ್ಕದಿಂದ ಜಮೀನಿನ ಕಟ್‌ಕನ್ವರ್ಶನ್‌ವರೆಗೆ ಗೊತ್ತಿರುವವಳನ್ನು ಬಿಟ್ಟು, ಹತ್ತು ವರ್ಷದಿಂದ ಮಾತಾಡದ ಗೆಳೆಯನ ಹತ್ತಿರ ‘ಏನಾದರೂ ಬಿಸಿನೆಸ್ ಉಂಟಾ’ ಎಂದು ಕೇಳಲು ಹೋಗುತ್ತಾನೆ.

ನಮ್ಮ ಕಡೆಯ ಒಬ್ಬರ ವಿಷಯ ಹೇಳುತ್ತೇವೆ, ಹೆಸರು ಬೇಡ ಎಂದಿದ್ದಾರೆ. ಜುಬೈಲಿನಲ್ಲಿ ಹದಿನಾರು ವರ್ಷ ಎಸಿ ಕೆಲಸ ಮಾಡಿದವರು, 2018ರಲ್ಲಿ ಬಂದರು. ಮೊದಲ ವರ್ಷ ಏಜೆಂಟರ ಹಿಂದೆ ತಿರುಗಾಟ, ಎರಡು ಬಾರಿ ಮೆಡಿಕಲ್, ಮುಂಬೈಗೆ ಒಂದು ಇಂಟರ್‌ವ್ಯೂ. ಏನೂ ಆಗಲಿಲ್ಲ. ಮನೆಯಲ್ಲಿ ಎಲ್ಲಿ ಏನಿದೆ ಎಂದು ಗೊತ್ತಿರಲಿಲ್ಲವಂತೆ. ಚಾ ಸೊಪ್ಪಿನ ಡಬ್ಬಿ ಹುಡುಕುವುದಕ್ಕೂ ಮಕ್ಕಳನ್ನು ಕೇಳಬೇಕು. ಕಿರಿಯ ಮಗಳಿಗೆ ಬಾಪ ಎಂದರೆ ಫೋನಿನಲ್ಲಿ ಕಾಣುವ ಮುಖ, ಎದುರಿಗೆ ಬಂದು ಕೂತವರ ಹತ್ತಿರ ಮಾತಾಡಲು ಆಕೆಗೆ ನಾಚಿಕೆ. ಒಂದು ದಿನ ಹೆಂಡತಿಯೇ ಒಂದು ನೋಟ್‌ಬುಕ್ ತಂದು ಎದುರಿಗೆ ಇಟ್ಟರು. ಹನ್ನೊಂದು ವರ್ಷದ ಮನೆಯ ಖರ್ಚು, ಯಾರಿಗೆ ಎಷ್ಟು ಕೊಡಬೇಕು, ಯಾರು ಎಷ್ಟು ಕೊಡಬೇಕು, ಚಿನ್ನ ಎಲ್ಲಿ ಅಡವಿದೆ, ಎಲ್ಲ ಅದರಲ್ಲಿತ್ತು. ಕೊನೆಯ ಹಾಳೆಯಲ್ಲಿ, ತಿಂಗಳಿಗೆ ಎಷ್ಟು ಇದ್ದರೆ ಈ ಮನೆ ನಡೆಯುತ್ತದೆ ಎಂಬ ಒಂದು ಅಂಕಿ. “ಉಸ್ತಾದರೇ, ನಾನು ಅಂದುಕೊಂಡದ್ದಕ್ಕಿಂತ ಅದು ತುಂಬಾ ಕಡಿಮೆ ಇತ್ತು” ಎಂದು ಅವರು ನಮ್ಮ ಹತ್ತಿರ ಹೇಳಿದ್ದಾರೆ.

ಕೆಲಸ ಇತ್ತು. ಅಕ್ಕಪಕ್ಕದ ಮೂರು ಮನೆಯವರು ಎಸಿ ನೋಡಲು ಆಗಲೇ ಕೇಳಿದ್ದರು. ಅಡ್ಡ ಬಂದದ್ದು ಬೇರೆ. ರಜೆಯಲ್ಲಿ ಬಂದಾಗ ಯಾವ ಮನೆಗಳಿಗೆ ಅತ್ತರು, ಟ್ಯಾಂಗ್, ಖರ್ಜೂರ ಹಂಚಿ ಬಂದಿದ್ದರೋ ಅದೇ ಮನೆಗಳಿಗೆ ಟೂಲ್ಸ್ ಬ್ಯಾಗ್ ಹಿಡಿದು ಹೋಗುವುದು ಹೇಗೆ? ಹೋಗಿ ಕೂಲಿ ಕೇಳುವುದು ಹೇಗೆ? ಜುಬೈಲಿನಲ್ಲಿ ಅದೇ ಬ್ಯಾಗ್ ಹಿಡಿದು ಹದಿನಾರು ವರ್ಷ ಅರಬಿಗಳ ಮನೆ ಹತ್ತಿ ಇಳಿದವರಿಗೆ ಆಗ ಇದು ನಾಚಿಕೆ ಎನಿಸಿರಲಿಲ್ಲ. ಊರಿನವರು ನೋಡುತ್ತಿರಲಿಲ್ಲ, ಅಷ್ಟೇ. ಹಾಗಾಗಿ ಮೊದಮೊದಲು ದೇರಳಕಟ್ಟೆಯ ಕಡೆ ಹೋದರು. ಅಲ್ಲಿ ಮೆಡಿಕಲ್ ಕಾಲೇಜುಗಳ ಮಕ್ಕಳು ಇರುವ ಬಾಡಿಗೆ ರೂಮುಗಳು ಸಾಲಾಗಿ ಇವೆ, ಪರಿಚಯದವರು ಇಲ್ಲ. ಒಂದು ವರ್ಷ ಹಾಗೆ ನಡೆಯಿತು. ಊರಲ್ಲಿ ಮೊದಲ ಕೆಲಸ ಮಾಡಿದ್ದು ಪಕ್ಕದ ಮನೆಯ ಫ್ರಿಜ್ ಕೆಟ್ಟಾಗ, ಅದೂ ಆ ಮನೆಯ ಉಮ್ಮನ ಇನ್ಸುಲಿನ್ ಒಳಗಿದೆ ಎಂದು ಕರೆದದ್ದಕ್ಕೆ. ಹಣ ಬೇಡ ಎಂದಾಗ ಆ ಉಮ್ಮ ಬೈದು ಜೇಬಿಗೆ ಹಾಕಿದರಂತೆ, “ನಾಳೆ ನಾನು ಕರೆಯುವುದು ಹೇಗೆ ಮಗಾ” ಎಂದು.

ಈಗ ಎಲ್ಲ ಸುಖವಾಗಿದೆ ಎಂದು ನಾವು ಹೇಳುವುದಿಲ್ಲ. ಮಾರ್ಚಿನಿಂದ ಮೇವರೆಗೆ ಉಸಿರು ಬಿಡಲು ಸಮಯವಿಲ್ಲ, ಮಳೆ ಶುರುವಾದರೆ ಫೋನೇ ಬರುವುದಿಲ್ಲ. ಅದಕ್ಕಾಗಿ ವಾಷಿಂಗ್ ಮೆಶಿನ್, ಇನ್ವರ್ಟರ್ ಕೆಲಸವನ್ನು ನಲ್ವತ್ತನಾಲ್ಕನೇ ವಯಸ್ಸಿನಲ್ಲಿ ಇಪ್ಪತ್ತರ ಹುಡುಗನೊಬ್ಬನ ಕೈಕೆಳಗೆ ಕಲಿತರು. ಸೌದಿಯ ಸಂಬಳದ ಅರ್ಧವೂ ಬರುವುದಿಲ್ಲ. ಮೇಲಿನ ಮಹಡಿ ಕಟ್ಟುವುದನ್ನು ಬಿಟ್ಟು ಸರಳುಗಳನ್ನು ಕತ್ತರಿಸಿ ಶೀಟ್ ಹಾಕಿಸಿದ್ದಾರೆ. ಆ ಸರಳು ಕತ್ತರಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದಾರೆ, ಅದನ್ನೂ ಇಲ್ಲಿ ಬರೆಯಬೇಕು. ಆದರೆ ಕಿರಿಯ ಮಗಳು ಈಗ ಅವರ ಬೈಕಿನಲ್ಲಿ ಮದ್ರಸಕ್ಕೆ ಬರುತ್ತಾಳೆ, ದಾರಿಯುದ್ದಕ್ಕೂ ಮಾತು.

ಕೈಕೆಲಸ ಗೊತ್ತಿದ್ದೂ ಸರ್ಟಿಫಿಕೇಟ್ ಇಲ್ಲದವರಿಗೆ ಒಂದು ಮಾತು. ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ಕ್ರಮ ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿದೆ. ವೆಲ್ಡಿಂಗ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಸಿ, ಅಡುಗೆ ಹೀಗೆ ಹಲವು ಕೆಲಸಗಳಿಗೆ ಅನ್ವಯ. ಕೌಶಲ ತರಬೇತಿ ಕೇಂದ್ರಗಳಲ್ಲಿ ವಿಚಾರಿಸಿ. ಕಂಪೆನಿಗಳು ಕಾಗದ ಕೇಳುತ್ತವೆ, ಹದಿನಾರು ವರ್ಷದ ಅನುಭವ ಬಾಯಿಮಾತಲ್ಲಿ ನಿಲ್ಲುವುದಿಲ್ಲ.

ಹೆಂಗಸರ ಯೋಜನೆಗಳೂ ಮುರಿಯುತ್ತವೆ ಎಂಬುದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿಯ ಓದು ಒಳ್ಳೆಯ ಸಂಬಂಧ ಬಂತೆಂದು ನಿಲ್ಲುತ್ತದೆ, ಯಾರೂ ಅದನ್ನು ನಷ್ಟ ಎನ್ನುವುದಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೂ ಶಾಲೆ ಮುಗಿದ ಮೇಲೆ ಮುಂದೆ ಓದಲು ದಾರಿ ಇರಲಿಲ್ಲ, ಮದುವೆಯಾಯಿತು. ನಾಲ್ಕು ಗಂಡು ಮಕ್ಕಳನ್ನು ಬೆಳೆಸಿದರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ, ಆಗ ಅವರಿಗೆ ನಲ್ವತ್ತೈದು. ಅಲ್ಲಿಂದ 2023ರಲ್ಲಿ ತೀರಿಕೊಳ್ಳುವವರೆಗೆ ಅವರು ಬರೆದದ್ದನ್ನೆಲ್ಲ ಒಪ್ಪದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಮದ್ರಸದವರಾದ ನಮಗೂ ಒಪ್ಪಿಗೆಯಿಲ್ಲದ ಮಾತುಗಳಿವೆ. ಆದರೂ ನಲ್ವತ್ತೈದರಲ್ಲಿ ಶುರು ಮಾಡಬಹುದು ಎಂಬುದಕ್ಕೆ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. ಈಗಂತೂ ಎನ್‌ಐಒಎಸ್ ಎಂಬ ಮುಕ್ತ ಶಾಲೆಯ ಮೂಲಕ ಮನೆಯಲ್ಲಿದ್ದುಕೊಂಡೇ ಹತ್ತನೆಯದೂ ಪಿಯುಸಿಗೆ ಸಮಾನವಾದದ್ದೂ ಬರೆಯಬಹುದು. ನಮ್ಮಲ್ಲಿ ಒಬ್ಬ ತಾಯಿ ಮಗಳ ಜೊತೆಗೆ ಕೂತು ಓದಿ ಹತ್ತನೆಯದು ಪಾಸಾದರು. ಗಣಿತದಲ್ಲಿ ಮಗಳಿಗಿಂತ ಎರಡು ಅಂಕ ಹೆಚ್ಚು. ಆ ಮನೆಯಲ್ಲಿ ಇವತ್ತಿಗೂ ಅದೇ ತಮಾಷೆ.

ಎಲ್ಲರಿಗೂ ಹೀಗೆ ಕೆಲಸ ಕೂಡಿ ಬರುವುದಿಲ್ಲ. ಬೆನ್ನಿನ ಡಿಸ್ಕ್ ಹೋಗಿ ದಮ್ಮಾಮಿನಿಂದ ಬಂದ ಒಬ್ಬರು ಮೂರು ವರ್ಷದಿಂದ ಸಂಪಾದನೆ ಇಲ್ಲದೆ ಇದ್ದಾರೆ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಮುಖ ತೊಳೆಸಿ, ಗಂಜಿ ಕುಡಿಸಿ, ಪೇಪರು ಓದಿ ಹೇಳುತ್ತಾರೆ. ಹೆಂಡತಿ ನೈಪತ್ತಿರ್, ಸಮೋಸ ಮಾಡಿ ಬೇಕರಿಗೆ ಕೊಡುತ್ತಾರೆ. “ಅವನು ಏನೂ ಮಾಡುವುದಿಲ್ಲ” ಎಂದು ಅವರ ಬಗ್ಗೆ ಮಸೀದಿಯ ಜಗಲಿಯಲ್ಲೇ ನಮ್ಮ ಕಿವಿಗೆ ಬಿದ್ದಿದೆ. ತಂದೆಯ ಸೇವೆಯ ಪುಣ್ಯದ ಬಗ್ಗೆ ಅದೇ ಮಸೀದಿಯಲ್ಲಿ ವರ್ಷಕ್ಕೆ ನಾಲ್ಕು ಮತಪ್ರವಚನ ನಡೆಯುತ್ತದೆ.

ಜಮಾಅತ್‌ಗಳು ಮಾಡಬಹುದಾದದ್ದು ಬಹಳ ಇದೆ. ತಲಪಾಡಿ ದಾಟಿದರೆ ಕೇರಳದಲ್ಲಿ ನೋರ್ಕಾ ಎಂಬ ಸರಕಾರಿ ವ್ಯವಸ್ಥೆ ಇದೆ, ಮರಳಿ ಬಂದವರು ಸ್ವಂತ ಉದ್ಯೋಗ ಮಾಡಲು ನೆರವಾಗುವ ಯೋಜನೆಯೂ ಪ್ರವಾಸಿಗಳಿಗೆ ಪಿಂಚಣಿಯೂ ಇದೆ. ನಮ್ಮ ಕಡೆ ಅಷ್ಟು ಗಟ್ಟಿಯಾದದ್ದು ಬೆಳೆದಿಲ್ಲ, ಅದನ್ನು ಕೇಳುವ ಕೆಲಸ ನಮ್ಮ ನಾಯಕರದ್ದು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂಥ ಸಾಲ ಯೋಜನೆಗಳಿಗೆ ಅರ್ಜಿ ತುಂಬಿಸಿ ಕೊಡಲು ಪ್ರತಿ ಮೊಹಲ್ಲಾದಲ್ಲಿ ಒಬ್ಬ ಓದಿದ ಹುಡುಗ ಸಾಕು. ಬಡ್ಡಿಯ ವಿಷಯದಲ್ಲಿ ಸಂಶಯ ಇರುವವರು ಮೊದಲು ಉಲಮಾಗಳಲ್ಲಿ ಕೇಳಿಕೊಳ್ಳಲಿ. ಅದಕ್ಕಾಗಿಯೇ ಜಮಾಅತ್‌ನ ಬಡ್ಡಿರಹಿತ ಸಾಲದ ನಿಧಿ ಮದುವೆಗೆ, ಆಸ್ಪತ್ರೆಗೆ ಮಾತ್ರ ಅಲ್ಲ, ಡ್ರಿಲ್ಲಿಂಗ್ ಮೆಶಿನ್ ತೆಗೆದುಕೊಳ್ಳುವವನಿಗೂ ಸಿಗಬೇಕು. ವೇದಿಕೆಯಲ್ಲಿ ಹರೇಕಳದ ಹಾಜಬ್ಬರ ಹೆಸರು ಹೇಳಿ ಚಪ್ಪಾಳೆ ಹೊಡೆಸುವುದು ಸುಲಭ. ಬುಟ್ಟಿಯಲ್ಲಿ ಕಿತ್ತಳೆ ಮಾರುವ ಇನ್ನೊಬ್ಬರು ಎದುರು ಬಂದರೆ ನಾವು ಕಾಕ ಎಂದು ಕರೆದು ಪಕ್ಕದಲ್ಲಿ ಕೂರಿಸುತ್ತೇವೆಯೇ?

ನಮ್ಮ ಮೊಹಲ್ಲಾದಲ್ಲಿ ತಿಂಗಳಿಗೊಮ್ಮೆ ಆದಿತ್ಯವಾರ ಇಶಾ ನಮಾಝ್ ಆದ ಮೇಲೆ ಮದ್ರಸದ ಹಾಲಿನಲ್ಲಿ ಊರಿಗೆ ಮರಳಿದವರು ಕೂರುವ ಕ್ರಮ ಶುರುವಾಗಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದು ಕಾಗದ ನೋಡಿಕೊಡುತ್ತಾರೆ. ಕೆಲಸ ಇದ್ದ ಕಡೆಗಳನ್ನು ಹಲಗೆಯ ಮೇಲೆ ಬರೆಯುತ್ತೇವೆ. ಮೊದಲ ಸಲ ಹನ್ನೊಂದು ಮಂದಿ ಬಂದಿದ್ದರು, ಅದರಲ್ಲಿ ಏಳು ಮಂದಿ ಚಾ ಕುಡಿದು ಹೋದರು. ಎರಡನೇ ಸಲ ಚಾ ಕೊನೆಗೆ ಇಟ್ಟೆವು. ಇದಕ್ಕೆ ಗಂಡ ಹೆಂಡತಿ ಇಬ್ಬರೂ ಬರಬೇಕು, ಹೆಂಗಸರಿಗೆ ಪಕ್ಕದ ಕ್ಲಾಸ್‌ರೂಮಿನಲ್ಲಿ ಬೇರೆ ವ್ಯವಸ್ಥೆ ಮಾಡೋಣ, ನೋಟ್‌ಬುಕ್ ಅವರ ಕೈಯಲ್ಲೇ ಇರುವುದಲ್ಲವೇ ಎಂದು ನಾವು ಕಮಿಟಿಗೆ ಬರೆದು ಕೊಟ್ಟಿದ್ದೇವೆ. ಅಧ್ಯಕ್ಷರು ಆಗಬಹುದು ಎಂದಿದ್ದಾರೆ. ಕಾರ್ಯದರ್ಶಿಯವರು ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ ಎಂದು ಹೇಳಿ ಈಗ ಎರಡು ಮೀಟಿಂಗು ಕಳೆದಿದೆ.